ಹಳೆ ಬಟ್ಟೆ ಹೊದಿಕೆಯ ವೈರ್: ಸ್ಪೀಕರ್‌ಗೆ ಸರಿ, ಕರೆಂಟಿಗೆ ಬೇಡ

ಓದುಗರ ಪ್ರಶ್ನೆ: ನಮ್ಮ ಹಳೆ ಮನೆ ರಿಪೇರಿ ಮಾಡಿಸುವಾಗ ಬಟ್ಟೆ ಸುತ್ತಿದ ತಾಮ್ರದ ವೈರ್ ಒಂದು ಸುರುಳಿ ಸಿಕ್ಕಿದೆ. ಹಳೆ ಕಾಲದ ವೈರ್ ಹಾಕಿದರೆ ಹಾಡು ಇನ್ನೂ ಚೆನ್ನಾಗಿ ಕೇಳಿಸುತ್ತದೆ ಅಂತಾರೆ. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಳೆ ವೈರ್‌ಗೆ ಜನ ದುಬಾರಿ ಬೆಲೆ ಕೊಡುತ್ತಾರಂತೆ. ನಮಗೆ ಸಿಕ್ಕಿದ್ದನ್ನೇ ಆಂಪ್ಲಿಫೈಯರ್‌ನ ಪವರ್ ಕಾರ್ಡ್‌ಗೂ ಸ್ಪೀಕರ್‌ಗೂ ಬಳಸಬಹುದಾ?

ಉತ್ತರ: ಸ್ಪೀಕರ್‌ಗೆ ಬಳಸಬಹುದು, ಆದರೆ ಮೊದಲು ಪರೀಕ್ಷೆ ಮಾಡಿ. ಪವರ್ ಕಾರ್ಡ್‌ಗೆ ಮಾತ್ರ ಬೇಡವೇ ಬೇಡ.

ಒಳಗಿನ ತಾಮ್ರಕ್ಕೆ ಅಷ್ಟು ಬೇಗ ಏನೂ ಆಗುವುದಿಲ್ಲ. ಐವತ್ತು ವರ್ಷದ ಹಿಂದೆ ಅದು ಕರೆಂಟನ್ನು ಹೇಗೆ ಸಾಗಿಸುತ್ತಿತ್ತೋ ಇವತ್ತೂ ಹಾಗೇ ಸಾಗಿಸುತ್ತದೆ. ವಯಸ್ಸಾಗುವುದು ಅದರ ಹೊದಿಕೆಗೆ. ಆಗಿನ ವೈರ್‌ಗಳಲ್ಲಿ ತಾಮ್ರದ ಮೇಲೆ ರಬ್ಬರ್, ರಬ್ಬರಿನ ಮೇಲೆ ಹತ್ತಿ ಅಥವಾ ರೇಷ್ಮೆಯ ಹೆಣಿಗೆ ಇರುತ್ತಿತ್ತು. ರಬ್ಬರ್ ಗಟ್ಟಿಯಾಗಲಿ ಎಂದು ಅದಕ್ಕೆ ಗಂಧಕ ಸೇರಿಸುತ್ತಿದ್ದರು. ಗಂಧಕ ತಾಮ್ರವನ್ನು ಕಪ್ಪಾಗಿಸಿ ತಿನ್ನುತ್ತದೆ. ಅದಕ್ಕೇ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ಹಾಗೆ ತಾಮ್ರದ ಎಳೆಗೂ ತೆಳ್ಳಗೆ ತವರ ಹಚ್ಚುತ್ತಿದ್ದರು. ಹಳೆ ವೈರ್ ಬಿಚ್ಚಿದಾಗ ಎಳೆಗಳು ಬೆಳ್ಳಗೆ ಕಾಣುವುದು ಈ ತವರದಿಂದ. ವೆಸ್ಟರ್ನ್ ಎಲೆಕ್ಟ್ರಿಕ್ ವೈರ್ ಇಷ್ಟಪಡುವವರು ಹೊಗಳುವುದೂ ಈ ಕಲಾಯಿ ಹಾಕಿದ ತಾಮ್ರವನ್ನೇ. ಆದರೆ ಆ ತವರ ಹಚ್ಚಿದ್ದು ಹಾಡಿಗಾಗಿ ಅಲ್ಲ, ರಬ್ಬರಿನಿಂದ ತಾಮ್ರವನ್ನು ಕಾಪಾಡಲು.

ಈಗ ಪವರ್ ಕಾರ್ಡ್ ವಿಷಯ. ನಮ್ಮ ಮನೆಯ ಕರೆಂಟು 230 ವೋಲ್ಟ್. ಅದರ ಅಲೆಯ ತುದಿ ಸುಮಾರು 325 ವೋಲ್ಟ್ ಮುಟ್ಟುತ್ತದೆ. ಅಷ್ಟನ್ನು ನಿಮ್ಮ ಕೈಯಿಂದ ದೂರ ಇಡುವುದು ಆ ಹೊದಿಕೆಯೊಂದೇ. ಹಳೆ ರಬ್ಬರ್ ಒಣಗಿ ಗಡುಸಾಗಿರುತ್ತದೆ. ಗೋಡೆಯ ಮೇಲೆ ಮರದ ಪಟ್ಟಿಯಲ್ಲಿ ಅಲುಗಾಡದೆ ಇದ್ದಷ್ಟು ಕಾಲ ಅದು ಹೇಗೋ ನಡೆದಿರುತ್ತದೆ. ನೀವು ಅದನ್ನು ಎಳೆದು, ಸುತ್ತಿ, ಮಡಚಿದ ಕೂಡಲೇ ಒಳಗೆ ಬಿರುಕು ಬಿಡುತ್ತದೆ. ಮೇಲಿನ ಬಟ್ಟೆ ಚೆನ್ನಾಗಿಯೇ ಇರುವುದರಿಂದ ಬಿರುಕು ಕಣ್ಣಿಗೆ ಬೀಳುವುದಿಲ್ಲ. ಹತ್ತಿ ನೀರನ್ನೂ ಹೀರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದ ತೇವ ಅದಕ್ಕೆ ಸಾಕು.

ಇನ್ನೊಂದು ತೊಂದರೆ, ಆ ವೈರ್‌ನಲ್ಲಿ ಸಾಮಾನ್ಯವಾಗಿ ಎರಡೇ ತಂತಿ. ಅರ್ಥ್ ಇರುವುದಿಲ್ಲ. ಮೂರು ಪಿನ್ನಿನ ಸಾಕೆಟ್ ಇರುವ ಲೋಹದ ಪೆಟ್ಟಿಗೆಯ ಆಂಪ್ಲಿಫೈಯರ್‌ಗೆ ಅರ್ಥ್ ಬೇಕೇ ಬೇಕು. "ಗೋಡೆಯಲ್ಲಿ ಎಂಸಿಬಿ ಇದೆಯಲ್ಲ" ಅಂತ ಧೈರ್ಯ ಮಾಡಬೇಡಿ. 16 ಆಂಪಿಯರ್ ಎಂಸಿಬಿ, ಅಂದರೆ ಜಾಸ್ತಿ ಕರೆಂಟು ಹರಿದರೆ ತಾನೇ ಬೀಳುವ ಸ್ವಿಚ್, ಇರುವುದು ಗೋಡೆಯೊಳಗಿನ ವೈರಿಂಗ್ ಕಾಪಾಡಲು. ಸಣ್ಣ ಎಳೆಯ ಹಳೆ ವೈರ್ ಬಿಸಿಯಾಗಿ ಸುಡತೊಡಗಿದರೂ ಅದು ಬೀಳದೆ ಇರಬಹುದು. ಅಮೆರಿಕದಿಂದ ತರಿಸುವವರಿಗೆ ಒಂದು ಮಾತು. ವೆಸ್ಟರ್ನ್ ಎಲೆಕ್ಟ್ರಿಕ್ ಮುಖ್ಯವಾಗಿ ಬೆಲ್ ಟೆಲಿಫೋನ್ ಜಾಲಕ್ಕೆ ಸಾಮಾನು ಮಾಡುತ್ತಿದ್ದ ಕಂಪನಿ. ಟೆಲಿಫೋನ್ ಎಕ್ಸ್‌ಚೇಂಜ್ ನಡೆಯುವುದು 48 ವೋಲ್ಟ್ ಡಿಸಿಯಲ್ಲಿ. ಆ ಕೆಲಸಕ್ಕೆ ಮಾಡಿದ ವೈರ್ ನಮ್ಮ 230 ವೋಲ್ಟ್‌ಗೆ ಹೊಸದಿದ್ದಾಗಲೇ ತಕ್ಕದ್ದಾಗಿರಲಿಲ್ಲ.

ಹೋಗಲಿ, ಈ ಅಪಾಯಕ್ಕೆ ತಕ್ಕ ಲಾಭವಾದರೂ ಇದೆಯಾ? ನನ್ನ ಪ್ರಕಾರ ಇಲ್ಲ. ಕರೆಂಟು ಊರಾಚೆಯಿಂದ ಕಿಲೋಮೀಟರ್‌ಗಟ್ಟಲೆ ಅಲ್ಯೂಮಿನಿಯಂ ತಂತಿಯಲ್ಲಿ ಬಂದು, ಆಮೇಲೆ ಗೋಡೆಯೊಳಗಿನ ಮಾಮೂಲಿ ವೈರ್‌ನಲ್ಲಿ ಹರಿದು ನಿಮ್ಮ ಸಾಕೆಟ್ ಮುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಒಳಗೆ ಡಿಸಿ ಮಾಡಿಕೊಂಡೇ ಬಳಸುತ್ತದೆ. ಕೊನೆಯ ಒಂದೂವರೆ ಮೀಟರ್ ಬದಲಾಯಿಸಿದರೆ ಹಾಡಿಗೆ ಏನೂ ಸೇರುವುದಿಲ್ಲ. ಹಳೆ ಕಾಲದ ನೋಟವೇ ಇಷ್ಟವಾದರೆ, ಒಳಗೆ ಪಿವಿಸಿ, ಹೊರಗೆ ಹತ್ತಿ ಹೆಣಿಗೆ ಇರುವ ಹೊಸ ವೈರ್ ಅಲಂಕಾರದ ತೂಗುದೀಪಗಳಿಗೆಂದು ಸಿಗುತ್ತದೆ. ಮೂರು ತಂತಿಯದ್ದು, ಐಎಸ್ಐ ಗುರುತು ಇರುವುದು ನೋಡಿ ತನ್ನಿ.

ಸ್ಪೀಕರ್ ಕಡೆ ಲೆಕ್ಕವೇ ಬೇರೆ. 8 ಓಮ್ ಸ್ಪೀಕರ್‌ಗೆ 50 ವ್ಯಾಟ್ ಹೋಗುವಾಗಲೂ ವೈರ್ ಮೇಲೆ ಇರುವುದು 20 ವೋಲ್ಟ್ ಮಾತ್ರ. ಹೊದಿಕೆ ಸ್ವಲ್ಪ ಸೋತಿದ್ದರೂ ಪ್ರಾಣಕ್ಕೆ ಅಪಾಯ ಇಲ್ಲ. ಇಲ್ಲಿ ನೋಡಬೇಕಾದ್ದು ವೈರ್ ಎಷ್ಟು ದಪ್ಪ ಅನ್ನುವುದು. ಹೋಗಿ ಬರುವ ಎರಡೂ ತಂತಿ ಸೇರಿ ಒಟ್ಟು ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ, ಓಮ್‌ನಲ್ಲಿ ಅಳೆಯುತ್ತಾರೆ) ಸ್ಪೀಕರ್ ಓಮ್‌ನ 5%ಗಿಂತ ಕಡಿಮೆ ಇರಬೇಕು. ಅಂದರೆ 8 ಓಮ್ ಸ್ಪೀಕರ್‌ಗೆ 0.4 ಓಮ್, 4 ಓಮ್‌ಗೆ 0.2 ಓಮ್.

ಅಂಗಡಿಯಲ್ಲಿ ಈಗಲೂ 14/36, 40/36 ಅಂತಾರಲ್ಲ, ಅದರ ಅರ್ಥ 36 ಗೇಜಿನ 14 ಎಳೆ ಅಥವಾ 40 ಎಳೆ. ಸ್ಪೀಕರ್ ಐದು ಮೀಟರ್ ದೂರ ಇದೆ ಅನ್ನಿ. 14/36 ಹಾಕಿದರೆ ಸುಮಾರು 0.42 ಓಮ್ ಆಗುತ್ತದೆ, 8 ಓಮ್ ಸ್ಪೀಕರ್‌ಗೇ ಮಿತಿ ಮೀರಿತು. 40/36 ಆದರೆ 0.15 ಓಮ್, ಆರಾಮ. ಹಳೆ ಮನೆಗಳ ವೈರಿಂಗ್‌ನಲ್ಲಿ ಸಿಗುವ 3/22 ತಾಮ್ರದ ವೈರ್ ಕೂಡ ಹೆಚ್ಚುಕಡಿಮೆ 40/36ರಷ್ಟೇ ದಪ್ಪ. ನಿಮ್ಮ ಸುರುಳಿ ಅದೇ ಆಗಿದ್ದರೆ ಸ್ಪೀಕರ್‌ಗೆ ಧಾರಾಳ ಸಾಕು.

"ಬೇರೆಯೇ ಕೇಳಿಸುತ್ತದೆ" ಅನ್ನುವವರು ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. ಸ್ಪೀಕರ್ ಮೇಲೆ 8 ಓಮ್ ಅಂತ ಬರೆದಿದ್ದರೂ ಅದು ಎಲ್ಲ ಸ್ವರಕ್ಕೂ 8 ಓಮ್ ಇರುವುದಿಲ್ಲ. ಒಂದು ಕಡೆ 6ಕ್ಕೆ ಇಳಿದು ಇನ್ನೊಂದು ಕಡೆ 30ಕ್ಕೆ ಏರಬಹುದು. ನಡುವೆ 0.42 ಓಮ್‌ನ ಸಣ್ಣ ವೈರ್ ಇದ್ದರೆ, 6 ಓಮ್ ಇರುವ ಜಾಗದಲ್ಲಿ ದನಿ 30 ಓಮ್ ಇರುವ ಜಾಗಕ್ಕಿಂತ ಸುಮಾರು ಅರ್ಧ ಡೆಸಿಬೆಲ್ ಜಾಸ್ತಿ ತಗ್ಗುತ್ತದೆ. ಸೂಕ್ಷ್ಮವಾಗಿ ಕೇಳುವವರಿಗೆ ಇದು ಒಂದಿಷ್ಟು ಗೊತ್ತಾಗಬಹುದು. ಕೆಲವರಿಗೆ ಇಷ್ಟವೂ ಆಗಬಹುದು. ಆದರೆ ಇದು ವೈರ್‌ನ ವಯಸ್ಸಿನಿಂದ ಬಂದದ್ದಲ್ಲ, ಅದರ ಸಣ್ಣ ಗಾತ್ರದಿಂದ ಬಂದದ್ದು. ಇವತ್ತು ತಂದ 14/36 ವೈರ್ ಕೂಡ ಇದನ್ನೇ ಮಾಡುತ್ತದೆ. ಹಳೆಯದರಂತೆ ಕಾಣುವ ಹಾಗೆ ಹೊಸದಾಗಿ ಮಾಡಿದ ವೈರ್‌ಗಳೂ ಮಾರಾಟಕ್ಕಿವೆ. ಹಾಗಾಗಿ ಹೆಸರು ನೋಡಿ ಜಾಸ್ತಿ ಹಣ ಕೊಡಬೇಡಿ.

ನಿಮ್ಮ ಸುರುಳಿ ಪರೀಕ್ಷಿಸುವುದು ಕಷ್ಟವಲ್ಲ. ಆದರೆ ಅದಕ್ಕೂ ಮೊದಲು ಒಂದು ಎಚ್ಚರಿಕೆ. ಹಳೆ ಇಸ್ತ್ರಿ ಪೆಟ್ಟಿಗೆ, ಹೀಟರ್‌ಗಳ ಬಟ್ಟೆ ಸುತ್ತಿದ ವೈರ್‌ನಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಇರಬಹುದು. ಅಂಥದ್ದನ್ನು ಬಿಚ್ಚಲೇಬೇಡಿ. ಬೇರೆ ವೈರ್ ಆದರೆ ತುದಿಯ ಎಳೆಯನ್ನು ಚಾಕುವಿನಿಂದ ಕೆರೆಯಿರಿ. ಒಳಗೆ ಕೆಂಪಾಗಿದ್ದರೆ ಕಲಾಯಿ ಹಾಕಿದ ತಾಮ್ರ. ಒಳಗೂ ಬೆಳ್ಳಗಿದ್ದರೆ ಅಲ್ಯೂಮಿನಿಯಂ, ಅದನ್ನು ಬಿಟ್ಟುಬಿಡಿ. ಅದು ಬೇಗ ಮುರಿಯುತ್ತದೆ, ಸೋಲ್ಡರ್ ಕೂಡ ಹಿಡಿಯುವುದಿಲ್ಲ. ತಾಮ್ರ ಕಪ್ಪಾಗಿದ್ದರೆ ಅಥವಾ ಹಸಿರು ಕಿಲುಬು ಹಿಡಿದಿದ್ದರೆ ಹೊಳೆಯುವ ಭಾಗ ಸಿಗುವ ತನಕ ಕತ್ತರಿಸುತ್ತಾ ಹೋಗಿ. ವೈರನ್ನು ಬೆರಳಿಗೆ ಸುತ್ತಿದಾಗ ಹೊದಿಕೆ ಪುಡಿಯಾಗಿ ಉದುರಿದರೆ ಗುಜರಿಗೆ ಕೊಡಿ. ಹೊದಿಕೆ ತೆಗೆಯಲೆಂದು ಸುಡಬೇಡಿ, ಆ ಹೊಗೆ ವಿಷ.

ಉದುರದಿದ್ದರೆ ಮಲ್ಟಿಮೀಟರ್ ತೆಗೆದುಕೊಳ್ಳಿ. ಎರಡೂ ತುದಿ ಬಿಡಿಯಾಗಿಟ್ಟು ತಂತಿ ತಂತಿ ನಡುವೆ ಓಮ್ ನೋಡಿ, ಸಂಪರ್ಕ ಇದೆ ಅಂತ ತೋರಿಸಲೇಬಾರದು. ಅಳೆಯುವಾಗ ವೈರನ್ನು ಉದ್ದಕ್ಕೂ ಬಾಗಿಸುತ್ತಾ ಹೋಗಿ. ಆಮೇಲೆ ಒಂದು ತುದಿಯ ಎರಡು ತಂತಿ ಸೇರಿಸಿ ಇನ್ನೊಂದು ತುದಿಯಲ್ಲಿ ಅಳೆಯಿರಿ. ಮೀಟರಿನ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯನ್ನು ಅದರಿಂದ ಕಳೆಯಿರಿ, ಉಳಿದದ್ದು ಮೇಲೆ ಹೇಳಿದ 5% ಮಿತಿಯೊಳಗೆ ಇರಬೇಕು. ತುದಿಗಳಿಗೆ ಹೊಸ ಸ್ಲೀವ್ ಹಾಕಿ. ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನ ಔಟ್‌ಪುಟ್ ಸುಡಬಹುದು.

ವಾಲ್ವ್ (ಟ್ರಾನ್ಸಿಸ್ಟರ್ ಬದಲು ಗಾಜಿನ ಟ್ಯೂಬ್ ಇರುವ) ಆಂಪ್ಲಿಫೈಯರ್ ಇರುವವರು ಇದರ ಉಲ್ಟಾ ತೊಂದರೆಗೆ ಹೆದರಬೇಕು. ಹಳೆ ಗಟ್ಟಿ ತಂತಿ ಪದೇ ಪದೇ ಬಾಗಿದರೆ ಒಳಗೇ ತುಂಡಾಗುತ್ತದೆ. ಸ್ಪೀಕರ್ ಕಳಚಿಹೋದಾಗ ಹಾಡು ಜೋರಾಗಿ ಓಡುತ್ತಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಬಹುದು. ಅದನ್ನು ಮತ್ತೆ ಸುತ್ತಿಸುವುದು ದುಬಾರಿ. ಹಾಗಾಗಿ ಅಂಥ ಕಡೆ ವೈರನ್ನು ಒಮ್ಮೆ ಹಾಸಿ ಅಲ್ಲಾಡದಂತೆ ಬಿಡಿ.

ಮನೆಯಲ್ಲಿ ಹಳೆ ವಾಲ್ವ್ ರೇಡಿಯೋ ಇದ್ದರೆ ಅದರ ಬಟ್ಟೆ ಸುತ್ತಿದ ಪವರ್ ಕಾರ್ಡನ್ನೂ ಬದಲಾಯಿಸಿಬಿಡಿ. ಆದರೆ ಮೂರು ತಂತಿಯ ಹೊಸದು ತಂದು ನೀವೇ ಚಾಸಿಗೆ, ಅಂದರೆ ಒಳಗಿನ ಲೋಹದ ಚೌಕಟ್ಟಿಗೆ, ಅರ್ಥ್ ಜೋಡಿಸಬೇಡಿ. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ/ಡಿಸಿ ಸೆಟ್‌ಗಳಲ್ಲಿ ಚಾಸಿಯೇ ನೇರ ಕರೆಂಟಿಗೆ ಸೇರಿರುತ್ತದೆ. ಅದನ್ನು ಬಲ್ಲ ರೇಡಿಯೋ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ.