ದಾಖಲೆ ಎಂದರೆ ಕಾಗದವೇ?

ಉಡುಪಿಯ ಓದುಗರೊಬ್ಬರ ಪ್ರಶ್ನೆ: ತಾಲ್ಲೂಕು ಕಚೇರಿಯಲ್ಲಿ ಜಾಗದ ದಾಖಲೆ ಕೇಳುತ್ತಾರೆ, ರೋಗಿಯನ್ನು ಆಸ್ಪತ್ರೆಗೆ ದಾಖಲಿಸುತ್ತಾರೆ, ಕಂಬಳದ ಓಟಗಾರ ದಾಖಲೆ ಮಾಡಿದನೆಂದು ಪತ್ರಿಕೆ ಬರೆಯುತ್ತದೆ. ಇವೆಲ್ಲ ಒಂದೇ ಪದವೇ?

ಹೌದು, ಒಂದೇ ಪದ. ಇದರ ಬೇರು ಅರಬ್ಬಿ ಭಾಷೆಯಲ್ಲಿದೆ. ಅಲ್ಲಿ 'ದಖಲ' ಎಂದರೆ 'ಒಳಹೊಕ್ಕನು', 'ದಾಖಿಲ್' ಎಂದರೆ 'ಒಳಹೊಕ್ಕದ್ದು'. ಪಾರ್ಸಿ, ಹಿಂದೂಸ್ಥಾನಿ ಮತ್ತು ಮರಾಠಿಯ ಆಡಳಿತದ ಭಾಷೆಯ ಮೂಲಕ ಅಸಲು, ನಕಲು, ರುಜುಗಳ ಜೊತೆಗೆ ಇದೂ ಕನ್ನಡದ ಕಚೇರಿಗಳಿಗೆ ಬಂದಿತು. ಆಸ್ಪತ್ರೆಗೆ ಸೇರುವುದನ್ನೂ ಶಾಲೆಯ ದಾಖಲಾತಿಯನ್ನೂ ನೋಡಿದರೆ, ಒಳಗೆ ಹೋಗುವ ಆ ಮೂಲಾರ್ಥ ಇನ್ನೂ ಮಾಸಿಲ್ಲವೆಂದು ತಿಳಿಯುತ್ತದೆ. ಜಾಗದ ದಾಖಲೆಯಲ್ಲಿಯೂ ಒಳಸೇರುವುದು ಇದ್ದೇ ಇದೆ. ಅಲ್ಲಿ ಒಳಸೇರುವುದು ಮನುಷ್ಯನಲ್ಲ, ಲೆಕ್ಕದ ಪುಸ್ತಕದೊಳಗೆ ಬರೆಯಲ್ಪಡುವ ವಿವರ. ಆದುದರಿಂದ ಪದದ ಹುಟ್ಟನ್ನು ಹಿಡಿದು ಹೇಳುವುದಾದರೆ ದಾಖಲೆ ಎಂಬುದು ಕಾಗದದ ಹೆಸರಲ್ಲ, ಪುಸ್ತಕಕ್ಕೆ ಸೇರಿದ ಸಂಗತಿಯ ಹೆಸರು. ಕಪಾಟಿನಲ್ಲಿ ಜೋಪಾನವಾಗಿಟ್ಟ ಹಳೆಯ ಚೀಟಿಯನ್ನೂ ನಾವು ದಾಖಲೆ ಎನ್ನುವುದು ಅರ್ಥ ಹಿಗ್ಗಿದ ಮೇಲಿನ ಬಳಕೆ.

ಕಂಬಳದ ದಾಖಲೆಯ ಕಥೆ ಬೇರೆ. ಇಂಗ್ಲಿಷಿನ 'ರೆಕಾರ್ಡ್' ಪದಕ್ಕೆ ಬರಹವೆಂಬ ಅರ್ಥದ ಜೊತೆಗೆ ಅತ್ಯುತ್ತಮ ಸಾಧನೆ ಎಂಬ ಅರ್ಥವೂ ಇದ್ದುದರಿಂದ, ಅನುವಾದದಲ್ಲಿ ನಮ್ಮ ಪದಕ್ಕೂ ಅದು ಅಂಟಿಕೊಂಡಿತು. ಅಂದಹಾಗೆ, ಆ ಇಂಗ್ಲಿಷ್ ಪದದ ಲ್ಯಾಟಿನ್ ಮೂಲದಲ್ಲಿರುವುದು ಹೃದಯ, ಅಂದರೆ ನೆನಪು. ನಮ್ಮ ಪದದ ಮೂಲದಲ್ಲಿರುವುದು ಬಾಗಿಲು.

ಹಾಗಾದರೆ ಇದಕ್ಕೂ ಮೊದಲು ಬರೆದಿಡುವುದಕ್ಕೆ ಏನೆನ್ನುತ್ತಿದ್ದರು? ಕರಾವಳಿಯನ್ನಾಳಿದ ಆಳುಪ ಅರಸರ ಕಾಲದ, 8ನೆಯ ಶತಮಾನದ ಬೆಳ್ಮಣ್ಣಿನ ತಾಮ್ರಪಟವನ್ನು ನಾವು ಶಾಸನವೆಂದು ಕರೆಯುತ್ತೇವೆ. ಶಾಸನವೆಂದರೆ ಆಜ್ಞೆ, ಬರಹವೆಂಬ ಅರ್ಥ ಆಮೇಲಿನದು. ಕಡತವು ಇನ್ನೂ ಸ್ವಾರಸ್ಯಕರವಾದುದು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ವಸ್ತುವಿಗೆ ಆ ಹೆಸರಿತ್ತು. ಬಟ್ಟೆ ಹೋಯಿತು, ಬಳಪವೂ ಹೋಯಿತು, ಹೆಸರು ಮಾತ್ರ ಸರಕಾರಿ ಫೈಲಿಗೆ ಬಂದು ಕೂತಿತು. ದಾಖಲೆಯಂತೆಯೇ ಹೊರಗಿನಿಂದ ಬಂದ ಪದಗಳೂ ಇವೆ. ದಸ್ತಾವೇಜಿನೊಳಗಿನ 'ದಸ್ತ್' ಪಾರ್ಸಿಯಲ್ಲಿ ಕೈ. ದಫ್ತರವಂತೂ ತೊಗಲು ಎಂಬ ಅರ್ಥದ ಗ್ರೀಕ್ ಪದದಿಂದ ಬಂದುದು.

ನಮ್ಮ ಜಿಲ್ಲೆಗಳಿಗೇ ವಿಶೇಷವಾಗಿ ಸಂಬಂಧಿಸಿದ ಪದವೊಂದು ಉಳಿದಿದೆ. 1799ರಲ್ಲಿ ಬ್ರಿಟಿಷರ ಕೈಸೇರಿದ ಉಡುಪಿ, ದಕ್ಷಿಣ ಕನ್ನಡದ ಕರಾವಳಿಯು 1956ರವರೆಗೆ ಮದ್ರಾಸಿನ ಆಡಳಿತಕ್ಕೆ ಒಳಪಟ್ಟಿದ್ದುದರಿಂದ, ಪಹಣಿ ಎನ್ನಬೇಕಾದಲ್ಲಿ ಇಲ್ಲಿನ ಹಿರಿಯರ ಬಾಯಲ್ಲಿ ಅಡಂಗಲ್ ಎಂಬ ತಮಿಳು ಪದ ಬರುತ್ತದೆ. ತಮಿಳಿನ 'ಅಡಂಗು' ನಮ್ಮ 'ಅಡಗು' ಪದದ ಒಡಹುಟ್ಟು. ಊರಿನ ಭೂಮಿಯ ಲೆಕ್ಕವೆಲ್ಲ ಒಳಗೆ ಅಡಗಿರುವ ಪುಸ್ತಕ ಅಡಂಗಲ್. ಆ ಪುಸ್ತಕದ ಒಳಹೊಕ್ಕ ಒಂದೊಂದು ವಿವರವೂ ದಾಖಲೆ.