‘ಎಲ್ಲಾ ಚೆನ್ನಾಗಿದೆ’ ಅಂದವರಿಂದ ಕಲಿಯುವುದು ಹೇಗೆ?

ಓದುಗರ ಪ್ರಶ್ನೆ: ಬಡತನ ನಿವಾರಣೆಯ ಯೋಜನೆ ರೂಪಿಸುವ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ಯೋಜನೆ ಯಾರಿಗಾಗಿ ಇದೆಯೋ ಅವರಿಂದಲೇ ಕಲಿಯಬೇಕು ಅಂತ ಎಲ್ಲರೂ ಹೇಳುತ್ತಾರೆ. ಸಭೆ ಕರೆದು ಕೇಳಿದೆವು. ಸುಮಾರು ಜನ ‘ಎಲ್ಲಾ ಚೆನ್ನಾಗಿದೆ’ ಅಂದರು, ಕೆಲವರು ‘ಸ್ವಲ್ಪ ಜಾಸ್ತಿ ಹಣ ಕೊಡಿ’ ಅಂದರು. ಇದರಿಂದ ಏನು ಕಲಿಯಲಿ?

ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಜನರಿಗೆ ಹೇಳಲು ಏನೂ ಇಲ್ಲ ಅಂತ ಮಾತ್ರ ತಿಳಿಯಬೇಡಿ. ಕೇಳಿದವರು ನೀವು, ಅದಕ್ಕೇ ಅಂಥ ಉತ್ತರ ಬಂತು. ಪಟ್ಟಿ ಇರುವುದು ನಿಮ್ಮ ಕೈಯಲ್ಲಿ. ಅದರಲ್ಲಿ ಅವರ ಹೆಸರಿದೆ, ಮುಂದಿನ ತಿಂಗಳೂ ಇರಬೇಕು. ಹೀಗಿರುವಾಗ ಊರೆಲ್ಲ ಕೂತಿರುವ ಸಭೆಯಲ್ಲಿ ಎದ್ದು ನಿಂತು ‘ನಿಮ್ಮ ಯೋಜನೆ ಸರಿ ಇಲ್ಲ’ ಅಂತ ಯಾರು ಹೇಳುತ್ತಾರೆ? ನೀವಾಗಿದ್ದರೆ ಹೇಳುತ್ತಿದ್ದಿರಾ?

ಅಭಿಪ್ರಾಯ ಕೇಳಬೇಡಿ, ನಡೆದಿದ್ದನ್ನು ಕೇಳಿ. ‘ಯೋಜನೆ ಹೇಗಿದೆ?’ ಅಂದರೆ ‘ಚೆನ್ನಾಗಿದೆ’ ಅನ್ನುವುದೇ ಬರುತ್ತದೆ. ‘ಕಳೆದ ಸಲ ಹಣ ತರಲು ಹೋದ ದಿನ ಎಷ್ಟು ಗಂಟೆಗೆ ಮನೆ ಬಿಟ್ರಿ, ಮಗುನ ಯಾರ ಹತ್ತಿರ ಬಿಟ್ರಿ, ಎಷ್ಟು ಸಲ ನಾಳೆ ಬಾ ಅಂತ ಕಳಿಸಿದರು, ಅವತ್ತಿನ ಕೂಲಿ ಹೋಯ್ತಾ’ ಅಂತ ಒಂದೊಂದಾಗಿ ಕೇಳಿ ನೋಡಿ. ಆಗ ಮಾತು ಬರುತ್ತದೆ.

ಒಮ್ಮೆ ನಾನು ಒಬ್ಬ ಹೆಂಗಸಿನ ಪಕ್ಕ ಕೂತು ಅವರು ಅರ್ಜಿ ತುಂಬುವುದನ್ನು ಸುಮ್ನೆ ನೋಡುತ್ತಿದ್ದೆ. ಹೆಸರು, ವಯಸ್ಸು ಸರಸರ ಬರೆದರು. ‘ತಿಂಗಳ ಆದಾಯ’ ಅನ್ನುವಲ್ಲಿಗೆ ಬಂದಾಗ ಪೆನ್ನು ನಿಂತಿತು. ‘ಯಾವ ತಿಂಗಳದ್ದು ಬರೀಲಿ?’ ಅಂತ ನನ್ನನ್ನೇ ಕೇಳಿದರು. ಅವರದು ದಿನಗೂಲಿ. ಒಂದು ತಿಂಗಳು ಇಪ್ಪತ್ತು ದಿನ ಕೆಲಸ, ಇನ್ನೊಂದು ತಿಂಗಳು ನಾಲ್ಕೇ ದಿನ. ಜಾಸ್ತಿ ಬರೆದರೆ ಸವಲತ್ತು ತಪ್ಪುತ್ತದೆ, ಕಡಿಮೆ ಬರೆದರೆ ಸುಳ್ಳು ಅಂತಾರೆ. ಅರ್ಜಿ ತಯಾರು ಮಾಡಿದವರು ತಿಂಗಳ ಸಂಬಳದವರು, ಆದಾಯ ಅಂದರೆ ಒಂದೇ ಅಂಕಿ ಅಂದುಕೊಂಡಿದ್ದರು. ಅವತ್ತಿನವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ.

ಇದು ಅವರೊಬ್ಬರ ಪಾಡಲ್ಲ. ಬಾಂಗ್ಲಾದೇಶ, ಭಾರತ ಮತ್ತು ದಕ್ಷಿಣ ಆಫ್ರಿಕಾದ 250ಕ್ಕೂ ಹೆಚ್ಚು ಬಡ ಮನೆಗಳಿಗೆ ಸಂಶೋಧಕರು ಒಂದು ವರ್ಷದ ಕಾಲ, ಹೆಚ್ಚುಕಡಿಮೆ ಹದಿನೈದು ದಿನಕ್ಕೊಮ್ಮೆ ಹೋಗಿ, ಬಂದ ದುಡ್ಡು, ಹೋದ ದುಡ್ಡು, ಕೈಸಾಲ, ಕೂಡಿಟ್ಟದ್ದು ಎಲ್ಲವನ್ನೂ ಬರೆದಿಟ್ಟುಕೊಂಡರು. ದಿನಕ್ಕೆ 2 ಡಾಲರ್‌ನಲ್ಲಿ ಬದುಕುವವರು ಅಂತ ನಾವು ಹೇಳುತ್ತೇವಲ್ಲ, ಅವರ ಕೈಗೆ ದಿನಾ 2 ಡಾಲರ್ ಬರುವುದೇ ಇಲ್ಲ, ಅದು ಬರೀ ಸರಾಸರಿ ಅನ್ನುವುದು ಆ ಲೆಕ್ಕದಲ್ಲಿ ಎದ್ದು ಕಂಡಿತು. ಒಂದೇ ಸಲ ಹೋಗಿ ಬರುವ ಸರ್ವೆಗೆ ಇದು ಸಿಗುವುದಿಲ್ಲ.

ಯಾವಾಗ ಹೋಗುತ್ತೀರಿ ಅನ್ನುವುದೂ ಮುಖ್ಯ. ರಾಬರ್ಟ್ ಚೇಂಬರ್ಸ್ ಅನ್ನುವ ಬ್ರಿಟಿಷ್ ವಿದ್ವಾಂಸರು 1983ರಲ್ಲೇ ಇದನ್ನು ಬರೆದಿದ್ದರು: ಹೊರಗಿನವರು ಹೋಗುವುದು ಡಾಂಬರು ರಸ್ತೆ ಇರುವ ಕಡೆಗೆ, ಮಳೆ ಇಲ್ಲದ ಕಾಲದಲ್ಲಿ, ಮಾತಾಡಿಸುವುದು ಮುಖಂಡರನ್ನು ಮತ್ತು ಗಂಡಸರನ್ನು. ಹಸಿವು, ಕಾಯಿಲೆ, ಸಾಲ ಒಟ್ಟಿಗೆ ಬಂದು ಕೂರುವುದು ಎಷ್ಟೋ ಕಡೆ ಮಳೆಗಾಲದಲ್ಲೇ. ಆಗ ನಾವ್ಯಾರೂ ಅಲ್ಲಿರುವುದಿಲ್ಲ.

ಹಾಗಂತ ಸಭೆಯೇ ಬೇಡ ಅಂತಲ್ಲ. ಸಭೆಗೆ ಮುಂಚೆ ಆಗಬೇಕಾದ ಕೆಲಸ ಇದೆ. ಎಟಿಡಿ ಫೋರ್ತ್ ವರ್ಲ್ಡ್ ಅನ್ನುವ ಸಂಸ್ಥೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಜೊತೆ ಸೇರಿ ಬಾಂಗ್ಲಾದೇಶ, ಬೊಲಿವಿಯಾ, ಫ್ರಾನ್ಸ್, ಟಾಂಜಾನಿಯಾ, ಬ್ರಿಟನ್ ಮತ್ತು ಅಮೆರಿಕದಲ್ಲಿ ಒಂದು ಅಧ್ಯಯನ ನಡೆಸಿತು. ಬಡತನದಲ್ಲಿ ಇರುವವರು, ಅವರ ನಡುವೆ ಕೆಲಸ ಮಾಡುವವರು, ವಿದ್ವಾಂಸರು, ಈ ಮೂರೂ ಗುಂಪು ಮೊದಲು ಬೇರೆ ಬೇರೆ ಕೂತು ತಮ್ಮ ತಮ್ಮಲ್ಲೇ ಮಾತಾಡಿಕೊಂಡವು, ಆಮೇಲೆ ಒಟ್ಟಿಗೆ ಕೂತವು. 2019ರಲ್ಲಿ ಬಂದ ವರದಿಯಲ್ಲಿ ಬಡತನದ 9 ಮುಖಗಳಿದ್ದವು. ಕಡಿಮೆ ಆದಾಯ ಅದರಲ್ಲಿ ಇತ್ತು, ನಿಜ. ಅದರ ಜೊತೆಗೆ ಕಚೇರಿಗಳು ನಡೆಸಿಕೊಳ್ಳುವ ರೀತಿ, ತಾವು ಮಾಡುವ ಕೆಲಸವನ್ನು ಯಾರೂ ಲೆಕ್ಕಕ್ಕೆ ತಗೊಳ್ಳದಿರುವುದು, ಇವೂ ಇದ್ದವು. ನಮ್ಮ ಯಾವ ಅರ್ಜಿಯಲ್ಲೂ ಇದಕ್ಕೆ ಕಾಲಂ ಇಲ್ಲ, ಅಲ್ವಾ? ಬಡತನದಲ್ಲಿ ಇರುವವರನ್ನು, ಬರೀ ಪಡೆಯುವವರು ಅನ್ನುವ ಹಾಗೆ, ‘ಫಲಾನುಭವಿ’ ಅಂತ ಕರೆಯುವಾಗ ನನಗೆ ಪ್ರತಿ ಸಲ ಕಸಿವಿಸಿ ಆಗುವುದು ಇದಕ್ಕೇ.

ಕೌಂಟರಿನಲ್ಲಿ ಕೂತು ಅರ್ಜಿ ತಗೊಳ್ಳುವವರನ್ನೂ ಮರೆಯಬೇಡಿ. ‘ಯಾವ ನಿಯಮವನ್ನು ಅಕ್ಷರಶಃ ಪಾಲಿಸಿದರೆ ನಿಮ್ಮ ಕೆಲಸವೇ ನಿಂತುಹೋಗುತ್ತೆ?’ ಅಂತ ಅವರ ಮೇಲಧಿಕಾರಿ ಇಲ್ಲದಾಗ ಕೇಳಿ. ಅರ್ಜಿ ಹಾಕಿ ಅರ್ಧಕ್ಕೇ ಕೈಬಿಟ್ಟವರನ್ನು ಹುಡುಕಿ. ಅವರು ನಿಮ್ಮ ಸಭೆಗೆ ಬರುವುದಿಲ್ಲ, ನೀವೇ ಹೋಗಬೇಕು.

ಇನ್ನು ‘ಜಾಸ್ತಿ ಹಣ ಕೊಡಿ’ ಅಂದವರ ಮಾತು. ದಯವಿಟ್ಟು ಅದನ್ನು ತಳ್ಳಿಹಾಕಬೇಡಿ. ‘ಜಾಸ್ತಿ ಸಿಕ್ಕರೆ ಮೊದಲು ಯಾವ ಸಾಲ ತೀರಿಸ್ತೀರಿ?’ ಅಂತ ಮುಂದುವರಿಸಿ. ಆಸ್ಪತ್ರೆಯ ಸಾಲ ಅಂದರೆ ಒಂದು ದಾರಿ, ಮನೆ ಬಾಡಿಗೆ ಅಂದರೆ ಇನ್ನೊಂದು. ನಿಮ್ಮ ಯೋಜನೆ ಎಲ್ಲಿ ಸೋರುತ್ತಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ನಿಮ್ಮ ಜೊತೆ ಕೂತ ದಿನದ ಕೂಲಿ ಅವರಿಗೆ ಸಿಗಬೇಕು, ಅದು ನ್ಯಾಯ. ಕೇಳಿದ ಮೇಲೆ ವಾಪಸ್ ಹೋಗಿ. ಇದು ಬದಲಾಯಿತು, ಇದು ನಮ್ಮ ಕೈಯಲ್ಲಿ ಆಗಲಿಲ್ಲ, ಯಾಕೆ ಆಗಲಿಲ್ಲ ಅಂತ ಅವರ ಎದುರೇ ಹೇಳಿ. ಹೋಗುವಾಗ ತಿದ್ದಿದ ಅರ್ಜಿಯನ್ನೂ ತಗೊಂಡು ಹೋಗಿ, ಮತ್ತೆ ಪಕ್ಕದಲ್ಲಿ ಕೂತು, ಈ ಸಲ ಪೆನ್ನು ಎಲ್ಲಿ ನಿಲ್ಲುತ್ತದೆ ನೋಡಿ.