ರೀಮೇಕ್: ಬೈಗುಳವಾಗಿ ಹೋದ ಪದ

‘ದಿ ವ್ಯಾನಿಶಿಂಗ್’ ಸಿನಿಮಾದ ಮಾತು ಬಂದರೆ ಸಾಕು, ಯಾರಾದರೊಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ: ಹಾಲಿವುಡ್‌ನವರು ಡಚ್ ಸಿನಿಮಾ ಕದ್ದು ಕೆಡಿಸಿದರು, ಪಾಪ, ಮೂಲ ನಿರ್ದೇಶಕನ ಹೊಟ್ಟೆ ಎಷ್ಟು ಉರಿದಿರಬೇಡ! 1988ರಲ್ಲಿ ಡಚ್ ಸಿನಿಮಾ ‘ಸ್ಪೋರ್‌ಲೋಸ್’ ಮಾಡಿದ್ದು ಜಾರ್ಜ್ ಸ್ಲೌಜರ್. 1993ರಲ್ಲಿ ಹಾಲಿವುಡ್‌ಗೆ ಹೋಗಿ ಅದನ್ನೇ ‘ದಿ ವ್ಯಾನಿಶಿಂಗ್’ ಅಂತ ಇಂಗ್ಲಿಷಿನಲ್ಲಿ ಮಾಡಿದ್ದೂ ಅದೇ ಜಾರ್ಜ್ ಸ್ಲೌಜರ್. ಈಗ ಹೇಳಿ, ಯಾರು ಯಾರ ಮನೆಗೆ ಕನ್ನ ಹಾಕಿದರು?

ಸಿನಿಮಾ ಹಿಡಿಸಲಿಲ್ಲ ಅನ್ನಿ, ತಕರಾರಿಲ್ಲ. ನನಗೂ ಹಿಡಿಸಲಿಲ್ಲ. ಆದರೆ ರೀಮೇಕ್ ಅನ್ನೋದು ಕಳ್ಳತನಕ್ಕೆ ಇನ್ನೊಂದು ಹೆಸರಲ್ಲ. ಹಕ್ಕು ಪಡೆದು ಇಡೀ ಸಿನಿಮಾವನ್ನು ಮತ್ತೆ ಚಿತ್ರೀಕರಿಸಿದರೆ ರೀಮೇಕ್. ಕೇಳದೆ ಎತ್ತಿದರೆ ಕಾಪಿ. ಇರುವ ಸಿನಿಮಾಕ್ಕೇ ಬೇರೆ ಭಾಷೆಯ ದನಿ ಕೂರಿಸಿದರೆ ಡಬ್ಬಿಂಗ್. ಹೆಸರು ಒಂದೇ ಆದ ಮಾತ್ರಕ್ಕೆ ರೀಮೇಕ್ ಅನ್ನುವವರೂ ಇದ್ದಾರೆ. 2018ರಲ್ಲಿ ಜೆರಾರ್ಡ್ ಬಟ್ಲರ್ ನಟಿಸಿದ ಇನ್ನೊಂದು ‘ದಿ ವ್ಯಾನಿಶಿಂಗ್’ ಬಂತು. ಅದು ಸ್ಕಾಟ್ಲೆಂಡಿನ ದ್ವೀಪವೊಂದರಲ್ಲಿ ಲೈಟ್‌ಹೌಸ್ ಕಾಯುವವರ ಕಥೆ. ಇದಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ.

ಕನ್ನಡದಲ್ಲಿ ಈ ಪದ ಇಷ್ಟು ಕೆಟ್ಟ ಹೆಸರು ತಗೊಂಡಿದ್ದಕ್ಕೆ ಕಾರಣ ಅದರ ಜೋಡಿ ಪದ, ‘ಸ್ವಮೇಕ್’. ಇಂಗ್ಲಿಷ್ ಮಾತಾಡುವ ಯಾರಿಗೂ ಇದು ಗೊತ್ತಿಲ್ಲ. ರೀಮೇಕ್‌ನಿಂದ ‘ರೀ’ ಕಿತ್ತು, ಆ ಜಾಗಕ್ಕೆ ಸಂಸ್ಕೃತದ ‘ಸ್ವ’ ಅಂಟಿಸಿದ್ದು ನಮ್ಮವರೇ. ವ್ಯಾಕರಣ ಪಂಡಿತರು ಮೂಗು ಮುರಿಯಬಹುದು, ನನಗಂತೂ ಭಾರೀ ಇಷ್ಟವಾದ ಪದ. ಯೋಚಿಸಿ ನೋಡಿ, ಸ್ವಂತ ಕಥೆಯ ಸಿನಿಮಾಕ್ಕೆ ಬೇರೆ ಹೆಸರು ಯಾಕೆ ಬೇಕು? ಅದನ್ನು ಸುಮ್ನೆ ಸಿನಿಮಾ ಅಂದರೆ ಆಗದೇ? ಆಗುವುದಿಲ್ಲ. ಇಲ್ಲಿ ಡಬ್ಬಿಂಗ್‌ಗೆ ದಶಕಗಳ ಕಾಲ ಬಾಗಿಲು ಮುಚ್ಚಿತ್ತು, ಹಾಗಾಗಿ ಪರಭಾಷೆಯ ಕಥೆಗಳು ರೀಮೇಕ್ ಆಗಿಯೇ ಬರಬೇಕಿತ್ತು. ಅವು ಜಾಸ್ತಿಯಾದಾಗ, ಸ್ವಂತದ್ದಕ್ಕೆ ಗುರುತಿನ ಚೀಟಿ ಬೇಕಾಯಿತು.

ಸ್ವಮೇಕ್ ಹೊಗಳಿಕೆಯಾದ ಮೇಲೆ ರೀಮೇಕ್ ತಾನಾಗಿಯೇ ಬೈಗುಳವಾಯಿತು. ಇಲ್ಲೇ ನನ್ನ ಜಗಳ ಇರುವುದು. ಪಕ್ಕದ ಭಾಷೆಯವರಿಗೆ ದುಡ್ಡು ಕೊಟ್ಟು, ಟೈಟಲ್ ಕಾರ್ಡಿನಲ್ಲಿ ಅವರ ಹೆಸರು ಹಾಕಿ ಮಾಡಿದವನು ತಲೆ ತಗ್ಗಿಸಬೇಕು. ಕೊರಿಯಾದ ಥ್ರಿಲ್ಲರೊಂದನ್ನು ಸದ್ದಿಲ್ಲದೆ ಇಳಿಸಿಕೊಂಡವನು ಪೋಸ್ಟರಿನಲ್ಲಿ ‘ಪಕ್ಕಾ ಸ್ವಮೇಕ್’ ಅಂತ ಅಚ್ಚು ಹಾಕಿಸಬಹುದು! ಅಂಥದ್ದಕ್ಕೆ ‘ಫ್ರೀಮೇಕ್’ ಅನ್ನುವ ಒಳ್ಳೆಯ ಪದವೇ ಇದೆ. ಅದನ್ನು ಬಳಸಿ ಅಲ್ವಾ? ರೀಮೇಕ್ ಅನ್ನುವುದು ಸಿನಿಮಾದ ಮೂಲ ಯಾವುದು ಅಂತ ತಿಳಿಸುತ್ತದೆ. ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಬೇರೆ ಮಾತು.

ಬೇರೆ ಮಾತು ಅನ್ನುವುದಕ್ಕೆ ಥ್ರಿಲ್ಲರ್ ನಿರ್ದೇಶಕ ಹಿಚ್‌ಕಾಕ್‌ಗಿಂತ ದೊಡ್ಡ ಸಾಕ್ಷಿ ಬೇಡ. 1934ರಲ್ಲಿ ಬ್ರಿಟನ್ನಿನಲ್ಲಿದ್ದಾಗ ‘ದ ಮ್ಯಾನ್ ಹೂ ನ್ಯೂ ಟೂ ಮಚ್’ ಮಾಡಿದರು. ಒಂದು ಕೊಲೆ ಸಂಚಿನ ಗುಟ್ಟು ತಿಳಿದ ದಂಪತಿಯ ಬಾಯಿ ಮುಚ್ಚಿಸಲು ಅವರ ಮಗಳನ್ನು ಅಪಹರಿಸುತ್ತಾರೆ. 1956ರಲ್ಲಿ, ಹಾಲಿವುಡ್‌ನಲ್ಲಿ, ಅದೇ ಹೆಸರಿನಲ್ಲಿ ಅದನ್ನೇ ಮತ್ತೆ ಮಾಡಿದರು. ಸ್ವಿಟ್ಜರ್‌ಲೆಂಡಿನ ಹಿಮ ಹೋಗಿ ಮೊರಾಕ್ಕೊದ ಬಿಸಿಲು ಬಂತು. ಮಗಳು ಹೋಗಿ ಮಗ ಬಂದ. ಮೊದಲನೆಯದರಲ್ಲಿ ತಾಯಿ ಬಂದೂಕು ಸ್ಪರ್ಧೆಯ ಗುರಿಕಾರ್ತಿ, ಕೊನೆಗೆ ಛಾವಣಿ ಮೇಲೆ ಮಗಳ ಬೆನ್ನು ಹತ್ತಿದವನನ್ನು ಒಂದೇ ಗುಂಡಿಗೆ ಉರುಳಿಸುತ್ತಾಳೆ. ಎರಡನೆಯದರಲ್ಲಿ ತಾಯಿ ಹಾಡುಗಾರ್ತಿ. ‘ಕೆ ಸೆರಾ ಸೆರಾ’ ಅಂತ ಗಂಟಲೆತ್ತಿ ಹಾಡುತ್ತಾಳೆ, ಮಹಡಿಯಲ್ಲಿ ಕೂಡಿಹಾಕಿದ ಮಗ ಶಿಳ್ಳೆ ಹೊಡೆದು ಉತ್ತರ ಕೊಡುತ್ತಾನೆ. ಲಂಡನ್ನಿನ ಆಲ್ಬರ್ಟ್ ಹಾಲ್‌ನ ಸಂಗೀತ ಕಛೇರಿಯ ದೃಶ್ಯ ಎರಡರಲ್ಲೂ ಇದೆ. ಮೊದಲನೆಯದು ಪ್ರತಿಭಾವಂತ ಹವ್ಯಾಸಿಯ ಕೆಲಸ, ಎರಡನೆಯದು ವೃತ್ತಿಪರನ ಕೆಲಸ ಅಂತ ಹಿಚ್‌ಕಾಕ್ ತಾವೇ ಹೇಳಿದ್ದರು. ಪ್ರೇಕ್ಷಕರು ಇವತ್ತಿಗೂ ಎರಡು ಬಣ. ಹಳೆಯದರ ಚುರುಕು ಬೇಕು ಅನ್ನುವವರು ಒಂದು ಕಡೆ, ಎರಡನೆಯದರ ತಾಯಿ ಡೋರಿಸ್ ಡೇ ಹಾಡು ಬಿಟ್ಟುಕೊಡದವರು ಇನ್ನೊಂದು ಕಡೆ. ನನ್ನ ವೋಟು ಬಂದೂಕಿನ ತಾಯಿಗೆ.

ಇನ್ನು ಸ್ಲೌಜರ್ ಅವರ ಡಚ್ ಸಿನಿಮಾ. ಮೂವತ್ತು ವರ್ಷ ದಾಟಿದ ಸಿನಿಮಾ, ಹಾಗಾಗಿ ಕೊನೆ ಹೇಳಿಯೇ ಹೇಳುತ್ತೇನೆ. ರೆಕ್ಸ್ ಮತ್ತು ಸಾಸ್ಕಿಯಾ ರಜೆಗೆಂದು ಫ್ರಾನ್ಸ್‌ಗೆ ಹೊರಟ ಜೋಡಿ. ಹೆದ್ದಾರಿಯ ಪೆಟ್ರೋಲ್ ಬಂಕ್‌ನಲ್ಲಿ ಕುಡಿಯಲು ಏನಾದರೂ ತರುತ್ತೇನೆ ಅಂತ ಹೋದ ಸಾಸ್ಕಿಯಾ ವಾಪಸ್ ಬರುವುದಿಲ್ಲ. ಅಪಹರಿಸಿದವನು ರೇಮೋನ್, ಹೆಂಡತಿ ಮಕ್ಕಳಿರುವ ರಸಾಯನಶಾಸ್ತ್ರದ ಮೇಷ್ಟ್ರು. ಇವನೇ ಅಂತ ಸಿನಿಮಾ ಬೇಗನೆ ತೋರಿಸಿಬಿಡುತ್ತದೆ. ಮೂರು ವರ್ಷದ ಮೇಲೆ ಆತ ತಾನೇ ಬಂದು ರೆಕ್ಸ್ ಮುಂದೆ ನಿಲ್ಲುತ್ತಾನೆ. ಅವಳಿಗೆ ಏನಾಯಿತು ಅಂತ ತಿಳಿಯಬೇಕಾದರೆ ಅವಳಿಗೆ ಆಗಿದ್ದೆಲ್ಲ ನಿನಗೂ ಆಗಬೇಕು, ಪ್ರಜ್ಞೆ ತಪ್ಪಿಸುವ ಔಷಧಿ ಹಾಕಿದ ಈ ಕಾಫಿ ಕುಡಿ ಅನ್ನುತ್ತಾನೆ. ರೆಕ್ಸ್ ಕುಡಿಯುತ್ತಾನೆ. ಎಚ್ಚರವಾದಾಗ ಶವಪೆಟ್ಟಿಗೆಯಲ್ಲಿದ್ದಾನೆ, ಮೇಲೆ ಮಣ್ಣು. ಅಷ್ಟೇ.

(ಡಚ್ ಸಿನಿಮಾ ಅನ್ನುತ್ತೇವೆ, ಆದರೆ ಅದರಲ್ಲಿ ಫ್ರೆಂಚ್ ಮಾತು ಎಷ್ಟಿದೆ ಅಂದರೆ ಆಸ್ಕರ್‌ನವರು ನೆದರ್‌ಲ್ಯಾಂಡ್ಸ್ ಕಳಿಸಿದ ಚಿತ್ರವಾಗಿ ಅದನ್ನು ಒಪ್ಪಲೇ ಇಲ್ಲ.)

ಹಾಲಿವುಡ್ ಆವೃತ್ತಿಯಲ್ಲಿ ರೆಕ್ಸ್ ಜಾಗದಲ್ಲಿ ಕೀಫರ್ ಸದರ್‌ಲ್ಯಾಂಡ್, ಮೇಷ್ಟ್ರ ಜಾಗದಲ್ಲಿ ಜೆಫ್ ಬ್ರಿಜಸ್, ಕಾಣೆಯಾಗುವ ಹುಡುಗಿ ಸಾಂಡ್ರಾ ಬುಲಕ್. ಕಾಫಿ ಇದೆ, ಪೆಟ್ಟಿಗೆ ಇದೆ, ಮಣ್ಣೂ ಇದೆ. ಆದರೆ ನಾಯಕನ ಹೊಸ ಗೆಳತಿ ಹುಡುಕಿಕೊಂಡು ಬಂದು ಅವನನ್ನು ಉಳಿಸುತ್ತಾಳೆ, ಅಪಹರಿಸಿದವನು ಸಾಯುತ್ತಾನೆ, ಕೊನೆಗೆ ಕಾಫಿ ಬೇಡ ಅನ್ನುವ ಒಂದು ಜೋಕು ಬೇರೆ. ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಇದಕ್ಕೆ ಕೊಟ್ಟಿದ್ದು ಒಂದೇ ಸ್ಟಾರ್.

ಡಚ್ ಸಿನಿಮಾ ಮೊದಲು ನೋಡಿದವರು ಈ ಕೊನೆಯನ್ನು ಕ್ಷಮಿಸುವುದೇ ಇಲ್ಲ. ಇಂಗ್ಲಿಷಿನದನ್ನು ಮೊದಲು ನೋಡಿದವರು ಅಷ್ಟು ಕಟುವಾಗಿಲ್ಲ. ಟೈಮ್ ಪಾಸ್ ಥ್ರಿಲ್ಲರ್, ಗೆಳತಿಯ ಪಾತ್ರಕ್ಕೆ ಧೈರ್ಯ ಇದೆ, ಬ್ರಿಜಸ್ ಮಾತಾಡುವ ಧಾಟಿ ಮಾತ್ರ ವಿಚಿತ್ರ ಅನ್ನುತ್ತಾರೆ. ಎರಡೂ ನ್ಯಾಯವಾದ ಅಭಿಪ್ರಾಯಗಳೇ. ತಪ್ಪು ಇರುವುದು ಮೂರನೆಯ ಮಾತಿನಲ್ಲಿ: ‘ಕೊನೆ ಬದಲಾಯಿಸಿದ್ದಕ್ಕೆ ಅದು ರೀಮೇಕೇ ಅಲ್ಲ.’ ಮೇಲೆ ಹೇಳಿದ ಹಿಚ್‌ಕಾಕ್ ಎಷ್ಟೊಂದು ಬದಲಾಯಿಸಿದರು? ಅದು ರೀಮೇಕ್ ಆಗಿಯೇ ಉಳಿಯಿತಲ್ಲ. ಮಗು ಸಿಗಬೇಕು ಅನ್ನುವ ತಾಯಿಯ ತಹತಹ ಅಲ್ಲಿ ಎರಡರಲ್ಲೂ ಒಂದೇ. ಸ್ಲೌಜರ್ ದೃಶ್ಯಗಳನ್ನು ಉಳಿಸಿಕೊಂಡು ತಮ್ಮ ನಾಯಕನ ತಹತಹವನ್ನೇ ಕೈಬಿಟ್ಟರು. ರೆಕ್ಸ್‌ಗೆ ಬೇಕಿದ್ದದ್ದು ಜೀವ ಅಲ್ಲ, ಉತ್ತರ. ಉತ್ತರ ಸಿಕ್ಕ ಮೇಲೂ ಬದುಕಿ ಹೊರಬರುವ ನಾಯಕ ಏನನ್ನೂ ತೆತ್ತಿಲ್ಲ. ಇದು ಕೆಟ್ಟ ರೀಮೇಕ್, ಆದರೆ ರೀಮೇಕ್.

‘ಒಂದೇ ಪುಸ್ತಕದಿಂದ ಬಂದಿದ್ದು, ಹಾಗಾಗಿ ರೀಮೇಕ್ ಅಲ್ಲ’ ಅನ್ನುವ ವಾದವೂ ಇದೆ. ಟಿಮ್ ಕ್ರಾಬೆ ಅವರ ಕಿರುಕಾದಂಬರಿ ಎರಡಕ್ಕೂ ಮೂಲ, ನಿಜ. ಆದರೆ ಪುಸ್ತಕದಲ್ಲೂ ನಾಯಕ ಮಣ್ಣಿನಡಿಯಿಂದ ಬರುವುದಿಲ್ಲ. ಪುಸ್ತಕಕ್ಕೇ ಮರಳಿದ್ದರೆ ಆ ಕೊನೆ ಬರುತ್ತಲೇ ಇರಲಿಲ್ಲ. ಹಾಗಾಗಿ ಈ ವಾದ ಇಲ್ಲಿ ನಿಲ್ಲುವುದಿಲ್ಲ.

ನಿಜವಾಗಿ ತಲೆ ಕೆರೆದುಕೊಳ್ಳಬೇಕಾದದ್ದು 2025ರ ‘ಹೈಯೆಸ್ಟ್ ಟು ಲೋಯೆಸ್ಟ್’ ವಿಚಾರದಲ್ಲಿ. ಶ್ರೀಮಂತನ ಮಗನೆಂದು ತಪ್ಪಾಗಿ ಡ್ರೈವರ್ ಮಗನನ್ನು ಅಪಹರಿಸಿದರೆ ಶ್ರೀಮಂತ ದುಡ್ಡು ಕೊಡಬೇಕೇ? ಅಮೆರಿಕದ ಎಡ್ ಮೆಕ್‌ಬೇನ್ 1959ರಲ್ಲಿ ಕಾದಂಬರಿ ಬರೆದರು, ಕುರೊಸಾವಾ 1963ರಲ್ಲಿ ಜಪಾನಿನಲ್ಲಿ ‘ಹೈ ಅಂಡ್ ಲೋ’ ಮಾಡಿದರು, ಈಗ ಅಮೆರಿಕದ ನಿರ್ದೇಶಕ ಸ್ಪೈಕ್ ಲೀ ಅದನ್ನು ನ್ಯೂಯಾರ್ಕಿಗೆ ತಂದಿದ್ದಾರೆ. ಕಥೆ ಹುಟ್ಟಿದ್ದೇ ಅಮೆರಿಕದಲ್ಲಿ, ಹಾಗಾದರೆ ಇದು ವಿದೇಶಿ ಸಿನಿಮಾದ ರೀಮೇಕೋ, ತಮ್ಮದೇ ಪುಸ್ತಕದ ಎರಡನೇ ಸಿನಿಮಾವೋ? ಹೆಸರಿನಲ್ಲೇ ಕುರೊಸಾವಾ ಚಿತ್ರದ ನೆರಳಿದೆ, ಅದಕ್ಕೇ ನಾನು ರೀಮೇಕ್ ಅನ್ನುತ್ತೇನೆ. ನೀವು ಒಪ್ಪದಿದ್ದರೆ ವಾದ ಮಾಡೋಣ, ಕಾಪಿ ಅನ್ನಬೇಡಿ ಅಷ್ಟೇ.